ಕಾಳ್ಗಿಚ್ಚೂ ನೆಲದ ಜೀರುಂಡೆಯೂ

ಕಾಡಿಗೆ ಹತ್ತಿದ ಕಿಚ್ಚನ್ನು ನಮ್ಮ ಹಳಗನ್ನಡದವರು ಕಾಳ್ಗಿಚ್ಚೆಂದು ಕರೆದರು. ಮಹಾಭಾರತದ ಖಾಂಡವದಹನದ ಪ್ರಸಂಗ ತಮಗೆ ಗೊತ್ತೇ ಇದೆ. ಉರಿ ಸಮೀಪಿಸಿದಾಗ ಜರಿತೆಯೆಂಬ ತಾಯಿಹಕ್ಕಿ, ರೆಕ್ಕೆ ಬಲಿಯದ ನಾಲ್ಕು ಮರಿಗಳಿಗೆ ಇಲಿಯ ಬಿಲದೊಳಗೆ ಇಳಿಯಿರೆಂದು ಹೇಳಿತು. ಮರಿಗಳು ಇಲಿಗೆ ಹೆದರಿ ಒಪ್ಪಲಿಲ್ಲ. ಅಗ್ನಿಯನ್ನೇ ಸ್ತುತಿಸಿ ಉಳಿದುಕೊಂಡವು. ಈ ಕತೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ತಾಯಿಯ ಸಲಹೆ ಎಷ್ಟು ಸರಿಯಾಗಿತ್ತೆಂಬುದು ನನಗೆ ತಿಳಿದದ್ದು ಮಾತ್ರ ಕಲ್ಮಲದ ಒಂದು ಹೊಲದ ಬದುವಿನಲ್ಲಿ.

ರಾಯಚೂರು ಸೀಮೆಯಲ್ಲಿ ಕಾಡೆಲ್ಲಿದೆ ಎಂದು ತಾವು ಕೇಳಬಹುದು. ಮಲೆನಾಡಿನಂಥದು ಇಲ್ಲ, ನಿಜ. ಇರುವುದು ಕಲ್ಲುಗುಡ್ಡ, ಜಾಲಿ, ಮುಳ್ಳುಕಂಟಿ, ಬೇಸಿಗೆಗೆ ಒಣಗಿ ನಿಲ್ಲುವ ಹುಲ್ಲು. ಬಿತ್ತನೆಗೆ ಮೊದಲು ಬದುವಿಗೆ ಬೆಂಕಿಯಿಡುವವರುಂಟು. ಒಂದು ಬೇಸಿಗೆ ಅಣ್ಣನ ಹೊಲದಲ್ಲಿ ಕಡ್ಡಿ ಗೀರಿದವನು ನಾನೇ. ಗಾಳಿ ತಿರುಗಿತು, ಬೆಂಕಿ ಪಕ್ಕದ ಗುಡ್ಡವನ್ನೇರಿತು. ಕತ್ತಲಾದ ಮೇಲೆ ತಾನಾಗಿಯೇ ಆರಿತು.

ಮರುದಿನ ಬೂದಿಯ ಮೇಲೆ ನಡೆದೆ. ಹುಲ್ಲು ಉರಿದಿದ್ದ ಕಡೆ ಕಲ್ಲೊಂದನ್ನು ಹೊರಳಿಸಿದರೆ, ಕಪ್ಪು ಮೈಮೇಲೆ ಆರು ಬಿಳಿ ಚುಕ್ಕೆಗಳ ದೊಡ್ಡ ಜೀರುಂಡೆ ಸರಸರನೆ ಓಡಿತು. ಶಾಸ್ತ್ರಜ್ಞರು ಇದಕ್ಕೆ ಆಂಥಿಯಾ ಎನ್ನುತ್ತಾರೆ. ಇದು ಹಾರಲಾರದು, ಹುಳಹುಪ್ಪಟೆ ಹಿಡಿದು ತಿನ್ನುತ್ತದೆ, ಕೆಣಕಿದರೆ ಉರಿಯುವ ಆಮ್ಲ ಚಿಮ್ಮಿಸುತ್ತದೆ. (ಮಕ್ಕಳು ಮುಖ ಬಗ್ಗಿಸಿ ನೋಡದಿರಲಿ.) ನಾಲ್ಕು ಮಾರು ಆಚೆ, ಒಣ ಬೊಡ್ಡೆಯೊಂದು ರಾತ್ರಿಯಿಡೀ ಹೊಗೆಯಾಡಿದ್ದ ಜಾಗದಲ್ಲಿ ಬರೀ ಚಿಪ್ಪುಗಳಿದ್ದವು.

ಮಣ್ಣು ಕಾವನ್ನು ಬೇಗ ಒಳಗೆ ಬಿಡುವುದಿಲ್ಲ. ಹುಲ್ಲಿನ ಉರಿ ಓಡಿಹೋಗುತ್ತದೆ. ಕೆಲವೇ ಬೆರಳು ಕೆಳಗಿನ ಜೀವಿಗೆ ಅದು ತಾಗುವುದು ಅಪರೂಪ. ನಮ್ಮ ಎರೆನೆಲದ ಬಿರುಕೂ ಒಂದು ಆಶ್ರಯವೇ. ಬೊಡ್ಡೆ, ತರಗಿನ ಗುಪ್ಪೆಗಳು ನಿಧಾನವಾಗಿ ಕೆಂಡವಾದರೆ ಮಾತ್ರ ಕಾವು ಆಳಕ್ಕೆ ಇಳಿಯುತ್ತದೆ.

ಬದುಕಿ ಉಳಿದವುಗಳ ಕಷ್ಟ ಆಮೇಲಿನದು. ನೆರಳಿಲ್ಲ, ತರಗಿಲ್ಲ, ತಿನ್ನಲು ಹುಳವಿಲ್ಲ. ಹಕ್ಕಿಯ ಕಣ್ಣಿಗೆ ಎಲ್ಲವೂ ಬಯಲು. ತರಗಿನಡಿ ಬಾಳುವ ಜಾತಿಗಳು ಕುಗ್ಗುತ್ತವೆ, ಬಯಲಿಗೆ ಒಗ್ಗಿದವು ಹೆಚ್ಚುತ್ತವೆ. ಯುರೋಪು, ಉತ್ತರ ಅಮೆರಿಕಗಳ ಮೆಲನೋಫಿಲಾ ಎಂಬ ಜೀರುಂಡೆಗಂತೂ ಕಾವನ್ನು ಗ್ರಹಿಸುವ ಅಂಗವೇ ಇದೆ; ಅದು ಬೆಂಕಿಯತ್ತ ಹಾರಿ ಬಂದು ಸುಟ್ಟ ಮರದಲ್ಲಿ ಮೊಟ್ಟೆಯಿಡುತ್ತದೆ! ರೆಕ್ಕೆಯುಳ್ಳವು ದೂರದಿಂದ ಮರಳಿಯಾವು. ನಮ್ಮ ಆರು ಚುಕ್ಕೆಯದು ನಡೆದೇ ಬರಬೇಕು. ಅದಕ್ಕೆ ಸುಡದೆ ಉಳಿದ ನೆಲ ಹತ್ತಿರದಲ್ಲಿರಬೇಕು.

ಯಾವ ಕಾಲದಲ್ಲಿ ಎಂಥ ಬೆಂಕಿ ಎಂಬುದನ್ನು ಕಾಡಿನವರು ಬಲ್ಲರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುನ್ನ ‘ತರಗು ಬೆಂಕಿ’ ಹಾಕುತ್ತಿದ್ದರು, ಸಣ್ಣ ಉರಿ. ಬೆಟ್ಟವು 1974ರಲ್ಲಿ ಅಭಯಾರಣ್ಯವಾದ ತರುವಾಯ ಆ ಪದ್ಧತಿ ನಿಂತಿತು. ಆಮೇಲೆ ಲಂಟಾನ ದಟ್ಟವಾಗಿ ಹಬ್ಬಿತೆಂದು ಅವರ ಹಿರಿಯರ ಮಾತು. ಒಣಗಿದ ಲಂಟಾನದ ಉರಿ ಬಹಳ ಎತ್ತರದ್ದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ನಾವೆಲ್ಲ ಆನೆ, ಹುಲಿಗಳನ್ನೇ ವಿಚಾರಿಸಿದೆವು.

ಈಗ ಬದುವನ್ನು ಸುಡುವುದು ಬೇಡವೆಂದು ಅಣ್ಣನಿಗೆ ಹೇಳಿದರೆ, “ಮಾಸ್ತರ, ಕಂಟಿ ಕಡಿಯೋ ಆಳಿನ ಕೂಲಿ ನೀ ಕೊಡ್ತೀಯೇನಪಾ?” ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಪಂಡಿತನಲ್ಲಿ ಉತ್ತರವಿಲ್ಲ. ಹೋದ ವರ್ಷ ಅರ್ಧ ಬದು ಸುಟ್ಟು, ಕಲ್ಲುಗಳಿದ್ದ ಅರ್ಧವನ್ನು ಹಾಗೆಯೇ ಬಿಟ್ಟೆವು.