ಹಳೆಯ ಮಗ್ಗವೋ, ಹೊಸ ಮಗ್ಗವೋ?
(ಶಾಲೆಯ ವಾರ್ಷಿಕ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಕಳೆದ ಬೇಸಿಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನನ್ನಲ್ಲಿಗೆ ಬಂದನು. "ಗುರುಗಳೆ, ಮೊಬೈಲ್ ಆ್ಯಪ್ ರಚನೆ ಕಲಿಯಬೇಕೆಂದಿರುವೆನು. ಆಂಡ್ರಾಯ್ಡಿಗೆ ಹಳೆಯ ಜಾವಾ ಪದ್ಧತಿಯನ್ನು ಹಿಡಿಯಲೋ, ಹೊಸ ಕಾಟ್ಲಿನ್-ಕಂಪೋಸ್ ಪದ್ಧತಿಯನ್ನು ಹಿಡಿಯಲೋ? ಮಗ್ಗದ ಕೂಲಿಯಲ್ಲಿ ತಂದೆಯವರು ಒಂದೇ ವರ್ಷದ ಖರ್ಚು ಕೊಡಬಲ್ಲರು" ಎಂದನು. "ಬೇರೂರಿದ ಹಳೆಯದನ್ನೇ ಕಲಿ" ಎಂದು ಥಟ್ಟನೆ ಹೇಳಿಬಿಟ್ಟೆನು. ಅವನು ಶುಲ್ಕವನ್ನೂ ಕಟ್ಟಿದನು. ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟೆನಲ್ಲಾ ಎಂದು ಅನಂತರ ನನ್ನ ಮನಸ್ಸು ಕುಟುಕಿತು. ಬಲ್ಲವರನ್ನು ಕೇಳಿ ಅರಿತುದನ್ನು ಇಂದು ನಿವೇದಿಸುವೆನು.

ಗೂಗಲ್ ಸಂಸ್ಥೆಯು 2017ರಲ್ಲಿ ಕಾಟ್ಲಿನ್ ಭಾಷೆಯನ್ನು ಅಂಗೀಕರಿಸಿ, 2019ರಲ್ಲಿ ಅದಕ್ಕೆ ಅಗ್ರಸ್ಥಾನವನ್ನಿತ್ತಿತು. ಕಂಪೋಸ್ ಚೌಕಟ್ಟು 2021ರಲ್ಲಿ ಸ್ಥಿರರೂಪ ಪಡೆಯಿತು. ಹಳೆಯ ಪದ್ಧತಿಯಲ್ಲಿ ತೆರೆಯ ಪ್ರತಿಯೊಂದು ಬದಲಾವಣೆಗೂ ನಾವೇ ಆಜ್ಞೆ ಬರೆಯಬೇಕು. ಹೊಸದರಲ್ಲಿ ಮಾಹಿತಿ ಬದಲಾದರೆ ತೆರೆಯೂ ತಾನಾಗಿ ಬದಲಾಗುವುದು. ಆದರೂ ಹಳೆಯದು ಅಳಿದಿಲ್ಲ. ಈಗಾಗಲೇ ರಚಿತವಾದ ಆ್ಯಪ್‌ಗಳನ್ನು ತಿದ್ದುವವರು ಬೇಕು; ಜಾವಾ, ಕಾಟ್ಲಿನ್ ಎರಡೂ ಒಂದೇ ಆ್ಯಪಿನಲ್ಲಿ ಕೂಡಿ ಬಾಳಬಲ್ಲವು. ಎಲ್ಲ ಹಳೆಯದಕ್ಕೂ ಈ ಭಾಗ್ಯವಿಲ್ಲ. ಝಾಮರಿನ್ ಎಂಬ ಚೌಕಟ್ಟಿಗೆ ಮೈಕ್ರೋಸಾಫ್ಟ್ ಸಂಸ್ಥೆಯು 2024ರ ಮೇ 1ರಂದು ಬೆಂಬಲವನ್ನೇ ನಿಲ್ಲಿಸಿತು.

ನಮ್ಮ ನೆರೆಯ ಇಚಲಕರಂಜಿಯನ್ನು ನೋಡಿರಿ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಇಂದು ಲಾಳಿಯ ಮಗ್ಗಗಳೂ ಲಾಳಿಯಿಲ್ಲದ ಹೊಸ ಮಗ್ಗಗಳೂ ಅದೇ ಊರಿನಲ್ಲಿ ನಡೆಯುತ್ತಿವೆ. ಮಗ್ಗ ಬದಲಾಯಿತು, ಹಾಸುಹೊಕ್ಕು ಬದಲಾಗಲಿಲ್ಲ. ಎಳೆ ಕಡಿದುದೆಲ್ಲಿ ಎಂದು ಬಲ್ಲವನಿಗೆ ಯಾವ ಮಗ್ಗವೂ ಪರಕೀಯವಲ್ಲ. ತರ್ಕಶುದ್ಧವಾಗಿ ಯೋಚಿಸುವುದು, ಮಾಹಿತಿಯನ್ನು ಕ್ರಮವಾಗಿಡುವುದು, ತಪ್ಪನ್ನು ಹುಡುಕುವುದು, ಇವೇ ಈ ವಿದ್ಯೆಯ ಹಾಸುಹೊಕ್ಕು.

ಆದುದರಿಂದ ಚೌಕಟ್ಟನ್ನು ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿರಿ: ಅದರ ಒಡೆಯರು ಅದನ್ನು ಇನ್ನೂ ಪೋಷಿಸುತ್ತಿರುವರೆ? ಅದನ್ನು ಕಲಿತವರಿಗೆ ಕೆಲಸ ಕೊಡುವವರಿರುವರೆ? ತೊಡಕು ಬಂದಾಗ ಉತ್ತರ ದೊರೆಯುವುದೆ? ಈ ಉತ್ತರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದು ನಮ್ಮ ಮಕ್ಕಳಿಗೆ ಕಷ್ಟವೇ ಸರಿ. ದಿನಕ್ಕೆರಡು ಪುಟವನ್ನು ನಿಘಂಟಿನೊಡನೆ ಓದಿ, ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡರೆ ಆ ಗೋಡೆಯೂ ಕರಗುವುದು.

ಆ ಹುಡುಗನನ್ನು ಕರೆಸಿ ನನ್ನ ತಪ್ಪನ್ನು ಒಪ್ಪಿಕೊಂಡೆನು. "ಕಟ್ಟಿದ ಶುಲ್ಕ ವ್ಯರ್ಥವಲ್ಲ, ಜಾವಾದ ತಳಹದಿ ಕಾಟ್ಲಿನ್‌ಗೂ ಆದೀತು. ಇನ್ನು ಮುಂದೆ ಹೊಸದನ್ನು ಅಭ್ಯಾಸಮಾಡು, ಹಳೆಯದನ್ನು ಓದಿ ತಿದ್ದುವಷ್ಟು ಬಲ್ಲವನಾಗು" ಎಂದೆನು. ಅವನು ನಕ್ಕು, "ಇಷ್ಟಕ್ಕಾಗಿ ಕರೆಸಿದಿರಾ, ಗುರುಗಳೆ?" ಎಂದನು. ಬಡವನ ಮನೆಯ ಒಂದು ವರ್ಷವು ಸಣ್ಣದಲ್ಲ, ಮಹನೀಯರೆ. ಸಲಹೆ ಕೊಡುವ ನಾವು ಅದನ್ನು ಮರೆಯದಿರೋಣ.