ಸಾಲದ ಪುಸ್ತಕವೂ ದೇವರ ಕ್ಷಮೆಯೂ

(ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ವಾರದ ಸಭೆಯಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಉಳಿತಾಯ, ಸಾಲದ ಕಂತು, ನಿರ್ಣಯ ಪುಸ್ತಕ. ಪ್ರಾರ್ಥನೆ ಎರಡೇ ನಿಮಿಷದಲ್ಲಿ ಮುಗಿಯುತ್ತೆ, ಲೆಕ್ಕಕ್ಕೆ ಒಂದು ಗಂಟೆಯೂ ಸಾಲದು. ಆದರೆ ಪ್ರಾರ್ಥನೆಯೂ ಒಂದು ಲೆಕ್ಕವೇ. ಅದನ್ನು ದಿನಾ ದೇವರ ಮುಂದೆ ಬಿಚ್ಚಿಟ್ಟು ಕ್ಷಮೆ ಕೇಳೋದು ಹೇಗೆ ಅಂತ ಇವತ್ತು ನೋಡೋಣ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಇದು ಕ್ರೈಸ್ತರ ಪ್ರಾರ್ಥನೆಯ ಮಾತಾದರೂ, ಕ್ಷಮೆ ಬೇಡದ ಮನೆ ಯಾವುದಿದೆ ಹೇಳಿ?

ಯೇಸುಸ್ವಾಮಿ ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಪದ. ಅದಕ್ಕೇ ಅವರು ಕ್ಷಮೆಯ ಬಗ್ಗೆ ಹೇಳುವಾಗ ಸಾಲದ ಕಥೆ ಹೇಳಿದರು. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಅದು ಇದೆ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಹತ್ತು ಸಾವಿರ ತಲಾಂತು ಅಂದರೆ 6 ಕೋಟಿ ದಿನದ ಕೂಲಿ! ಯಾವ ಜನ್ಮಕ್ಕೂ ತೀರಿಸೋಕಾಗದ ಸಾಲ. ಅರಸ ಅಷ್ಟನ್ನೂ ಮನ್ನಾ ಮಾಡಿದ. ಹೊರಗೆ ಬಂದ ಅದೇ ಸೇವಕ, ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ. ಸುದ್ದಿ ಅರಸನಿಗೆ ಮುಟ್ಟಿತು. ಸಿಕ್ಕಿದ್ದ ಕ್ಷಮೆಯೂ ಹೋಯಿತು.

ಪರಲೋಕ ಪ್ರಾರ್ಥನೆಯನ್ನು ನಾವು ದಿನಾ ಹೇಳ್ತೀವಿ. ಅದರಲ್ಲಿ ಕ್ಷಮೆ ಕೇಳುವ ಮಾತಿನ ಜೊತೆಯಲ್ಲೇ, ನಮಗೆ ತಪ್ಪು ಮಾಡಿದವರನ್ನು ನಾವೂ ಕ್ಷಮಿಸುತ್ತೇವೆ ಅನ್ನೋ ಮಾತೂ ಇದೆ. ಬಾಯಿಪಾಠದಲ್ಲಿ ಅದು ಓಡಿಹೋಗಿಬಿಡುತ್ತೆ. ನಾಳೆಯಿಂದ ಆ ಜಾಗದಲ್ಲಿ ಒಂದು ಕ್ಷಣ ನಿಲ್ಲಿಸಿ. ನಾದಿನಿಯೋ, ಪಕ್ಕದ ಮನೆಯವರೋ, ಸಂಘ ಬಿಟ್ಟು ಹೋದ ಗೆಳತಿಯೋ, ಯಾರ ಮುಖ ಕಣ್ಣಮುಂದೆ ಬರುತ್ತೋ ಅವರ ಹೆಸರು ಹೇಳಿ ಮುಂದಕ್ಕೆ ಹೋಗಿ.

ಇದು ಆಗೋ ಮಾತಾ ಅಂತ ಕೇಳ್ತೀರಿ. ಸಿಸ್ಟರ್ ರಾಣಿ ಮರಿಯ ಅವರ ಕಥೆ ಕೇಳಿ. ಕೇರಳದಲ್ಲಿ 1954ರಲ್ಲಿ ಹುಟ್ಟಿದ ಈ ಸನ್ಯಾಸಿನಿ ಮಧ್ಯಪ್ರದೇಶದ ಇಂದೋರ್ ಧರ್ಮಪ್ರಾಂತ್ಯದಲ್ಲಿ ನಮ್ಮಂಥದ್ದೇ ಕೆಲಸ ಮಾಡ್ತಿದ್ದರು. ಬಡ ರೈತರನ್ನು ಸಂಘಟಿಸಿ, ಬಡ್ಡಿ ಸಾಹುಕಾರರ ಹಿಡಿತದಿಂದ ಬಿಡಿಸುತ್ತಿದ್ದರು. ಅದನ್ನು ಸಹಿಸದವರು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದ ಅವರನ್ನು ಚೂರಿಯಿಂದ ಇರಿಸಿ ಕೊಲ್ಲಿಸಿದರು. ಇರಿದವನಿಗೆ ಜೈಲಾಯಿತು. 2002ರಲ್ಲಿ ರಾಣಿ ಮರಿಯ ಅವರ ಸ್ವಂತ ತಂಗಿ, ಅವರೂ ಸನ್ಯಾಸಿನಿ, ಅದೇ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಅಣ್ಣ ಅಂದರು. ಅವನು ಪಶ್ಚಾತ್ತಾಪಪಟ್ಟ, 2006ರಲ್ಲಿ ಬಿಡುಗಡೆಯಾದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪುನೀತ ಪದವಿಗೆ ಏರಿಸಲಾಯಿತು.

ಗಮನಿಸಿ, ಇಲ್ಲಿ ಕ್ಷಮೆಯೂ ಇದೆ, ಕಾನೂನೂ ಇದೆ. ಮನೆಯಲ್ಲಿ ಏಟು ತಿನ್ನೋ ಹೆಣ್ಣುಮಗಳಿಗೆ 'ಕ್ಷಮಿಸಮ್ಮಾ, ಸಹಿಸಿಕೋ' ಅಂತ ಹೇಳಿ ವಾಪಸ್ ಕಳಿಸೋದು ಕ್ರೈಸ್ತ ಕ್ಷಮೆ ಅಲ್ಲವೇ ಅಲ್ಲ. ಮನಸ್ಸಿನ ದ್ವೇಷ ಬಿಡೋದು ಬೇರೆ, ಹೊಡೆಯೋ ಕೈಗೆ ಮತ್ತೆ ಸಿಗೋದು ಬೇರೆ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆಗೆ 2005ರ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಅಂಥ ತಂಗಿಯ ಜೊತೆ ಸಂಘ ನಿಲ್ಲಬೇಕು.

ಹಾಗೆಯೇ ಇನ್ನೊಂದು ಪ್ರಶ್ನೆ. ಕ್ಷಮೆ ಅಂದ್ರೆ ಸಂಘದ ಸಾಲ ಮನ್ನಾನಾ? ಅಲ್ಲ. ಸಂಘದ ಹಣ ಎಲ್ಲರ ಬೆವರು, ಕಂತು ಕಟ್ಟಲೇಬೇಕು. ಆದರೆ ಕಂತು ತಪ್ಪಿದವಳ ಮನೆ ಬಾಗಿಲಲ್ಲಿ ನಿಂತು ಮಾನ ಕಳೆಯೋದು ಆ ಸೇವಕ ಮಾಡಿದ ಕೆಲಸವೇ. ಕಾಯಿಲೆಯೋ, ಕೂಲಿ ಸಿಗಲಿಲ್ಲವೋ, ಕಾರಣ ಕೇಳಿ. ಸಭೆಯಲ್ಲೇ ಕೂತು ಅವಧಿ ಹೆಚ್ಚಿಸಿ, ನಿರ್ಣಯ ಬರೆಯಿರಿ.

ಈಗ ದಿನದ ಪ್ರಾರ್ಥನೆಗೆ ಬರೋಣ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ತಮ್ಮ ಪುಸ್ತಕದಲ್ಲಿ ಲೊಯೋಲಾದ ಸಂತ ಇಗ್ನೇಷಿಯಸರು ಐದು ಹೆಜ್ಜೆಯ ಕ್ರಮ ತಿಳಿಸಿದ್ದಾರೆ. ರಾತ್ರಿ ಪಾತ್ರೆ ತೊಳೆದು, ಮಲಗೋ ಮುಂಚೆ ಹತ್ತು ನಿಮಿಷ ಸಾಕು.

ಒಂದು, ಈ ದಿನ ಸಿಕ್ಕ ಒಳ್ಳೆಯದಕ್ಕೆ ದೇವರಿಗೆ ವಂದನೆ ಹೇಳಿ.
ಎರಡು, ನನ್ನ ತಪ್ಪು ನನಗೆ ಕಾಣುವಂತೆ ಮಾಡು ಅಂತ ಬೇಡಿ.
ಮೂರು, ಬೆಳಿಗ್ಗೆಯಿಂದ ಆಡಿದ ಮಾತು, ಮಾಡಿದ ಕೆಲಸ, ಯೋಚಿಸಿದ್ದು ಎಲ್ಲವನ್ನೂ ಗಂಟೆ ಗಂಟೆಯಾಗಿ ನೆನೆಸಿಕೊಳ್ಳಿ.
ನಾಲ್ಕು, ತಪ್ಪಿದ್ದಕ್ಕೆ ಕ್ಷಮೆ ಕೇಳಿ.
ಐದು, ನಾಳೆ ಏನು ತಿದ್ದಿಕೊಳ್ಳುತ್ತೇನೆ ಅಂತ ತೀರ್ಮಾನ ಮಾಡಿ. ಕೊನೆಗೆ ಪರಲೋಕ ಪ್ರಾರ್ಥನೆ.

ಓದು ಬರಹ ಬರದಿದ್ದರೂ ಇದು ಆಗುತ್ತೆ. ಲೂಕನ ಶುಭಸಂದೇಶದಲ್ಲಿ ಸುಂಕದವನು ದೇವಾಲಯದಲ್ಲಿ ದೂರ ನಿಂತು, ತಲೆ ಎತ್ತದೆ, ಒಂದೇ ಮಾತಿನಲ್ಲಿ ಕರುಣೆ ಬೇಡಿದ. ಉದ್ದ ಪ್ರಾರ್ಥನೆ ಮಾಡಿದ ಫರಿಸಾಯನಿಗಿಂತ ಅವನೇ ದೇವರಿಗೆ ಮೆಚ್ಚುಗೆಯಾದ.

ಸಣ್ಣಪುಟ್ಟ ಪಾಪಗಳಿಗೆ ಈ ದಿನದ ಪಶ್ಚಾತ್ತಾಪ, ಬಲಿಪೂಜೆ, ದಾನಧರ್ಮ ಮದ್ದು ಅಂತ ಧರ್ಮಸಭೆ ಕಲಿಸುತ್ತೆ. ದೊಡ್ಡ ಪಾಪಗಳಿಗೆ ಗುರುಗಳ ಬಳಿ ಪಾಪನಿವೇದನೆ ಬೇಕು, ವರ್ಷಕ್ಕೆ ಒಮ್ಮೆಯಾದರೂ. 'ನನ್ನ ಪಾಪ ತುಂಬಾ ದೊಡ್ಡದು, ಹೋಗೋಕೆ ನಾಚಿಕೆ' ಅನ್ನೋರು ಆ 6 ಕೋಟಿ ದಿನದ ಕೂಲಿಯನ್ನು ನೆನಪಿಸಿಕೊಳ್ಳಿ. ಅದನ್ನೇ ಅರಸ ಬಿಟ್ಟುಕೊಟ್ಟ. ದೇವರು ಕ್ಷಮಿಸಿ ದಣಿಯೋದಿಲ್ಲ, ಕೇಳೋಕೆ ನಾವೇ ದಣಿಯೋದು ಅನ್ನೋ ಅರ್ಥದ ಮಾತನ್ನು ಪೋಪ್ ಫ್ರಾನ್ಸಿಸರು 2013ರಲ್ಲಿ ಪದವಿಗೆ ಬಂದ ಕೆಲವೇ ದಿನಗಳಲ್ಲಿ ಹೇಳಿದ್ದರು.

ಅಕ್ಕತಂಗಿಯರೇ, ಮುಂದಿನ ಸಭೆಗೆ ಬರುವ ಮುಂಚೆ ಏಳು ರಾತ್ರಿ ಇದನ್ನು ಮಾಡಿ ನೋಡಿ. ಮಾತು ಬಿಟ್ಟಿರೋ ಒಬ್ಬರನ್ನಾದರೂ ಮಾತಾಡಿಸಿ. ಸಂಘದ ಪುಸ್ತಕದಲ್ಲಿ ಬಾಕಿ ಇಲ್ಲದ ಹಾಗೆ ನೋಡಿಕೊಳ್ಳೋ ನಾವು, ಮನಸ್ಸಿನಲ್ಲೂ ಬಾಕಿ ಉಳಿಸದೆ ಮಲಗೋಣ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.