‘ತಲಿ ತಿನ್ನಬ್ಯಾಡ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ಮುಂದಿನ ತರಗತಿಗೆ ಬೇರೊಂದು ಶಾಲೆ ಸೇರಿದಳು. ಪಕ್ಕದ ಬೆಂಚಿನವರು ಅವಳ ಉಚ್ಚಾರವನ್ನು ಅಣಕಿಸಿ ದಿನವೂ ಕಾಡುತ್ತಿದ್ದರು. ತಡೆಯಲಾರದೆ ಒಂದು ದಿನ ತನಗೆ ಗೊತ್ತಿದ್ದ ಒಂದೇ ಮಾತು, ‘ಶಟಪ್’, ಅಂದುಬಿಟ್ಟಳು. ಆಗಷ್ಟೇ ಒಳಗೆ ಬಂದ ಶಿಕ್ಷಕರು ಅವಳನ್ನೇ ಹೊರಗೆ ನಿಲ್ಲಿಸಿದರು. “ಸುಮ್ಮನಿರ್ರಿ ಅಂದೆ ಸರ್, ಅಷ್ಟೇ” ಎಂದು ನನ್ನೆದುರು ಅತ್ತಳು. ಅವಳಿಗೆ ಆ ಮಾತಿನ ಅರ್ಥ ಕಲಿಸಿದವನು ನಾನೇ. ತೂಕ ಕಲಿಸಿರಲಿಲ್ಲ.

ಜಹೀರಾಬಾದಿನ ಸಂತೆಯಲ್ಲಿ ಒಂದು ಗಳಿಗೆ ನಿಂತು ಕೇಳಿರಿ. ಕನ್ನಡದವರು ‘ತಲಿ ತಿನ್ನಬ್ಯಾಡ’ ಅನ್ನುತ್ತಾರೆ, ತೆಲುಗಿನವರು ‘ಬುರ್ರ ತಿನಕು’, ದಖನಿಯವರು ‘ದಿಮಾಗ್ ನಕ್ಕೊ ಖಾ’. ಮೂರರಲ್ಲೂ ತಿನ್ನುವುದು ತಲೆಯನ್ನೇ! ಈ ಮೂರನ್ನೂ ಬಲ್ಲ ಮಗುವಿಗೆ ನಾಲ್ಕನೆಯದು ಕಷ್ಟವೆಂದು ನಾವೇಕೆ ಹೆದರಿಸಬೇಕು?

ಇಂಗ್ಲಿಷಿನವರು ‘ಗೆಟ್ ಆಫ್ ಮೈ ಬ್ಯಾಕ್’ ಅನ್ನುತ್ತಾರೆ. ಬೆನ್ನ ಮೇಲಿಂದ ಇಳಿ ಎಂದರ್ಥ. ನಾವು ‘ಬೆನ್ನ ಹತ್ತಬ್ಯಾಡ’ ಅನ್ನುತ್ತೇವೆ. ಹತ್ತಿದವನನ್ನು ಅವರು ಇಳಿಸುತ್ತಾರೆ, ನಾವು ಹತ್ತಲೇ ಬಿಡುವುದಿಲ್ಲ. ಸದಾ ತಪ್ಪು ಹುಡುಕುವವನಿಗೆ, ಒತ್ತಾಯ ಮಾಡುವವನಿಗೆ ಈ ಮಾತು. ಹೇಳಿದ್ದನ್ನೇ ಹೇಳುವವನಿಗೆ ‘ಗಿವ್ ಇಟ್ ಎ ರೆಸ್ಟ್’. ಅಂದರೆ ‘ಸಾಕ್ ಮಾಡಪ್ಪಾ, ಎಷ್ಟ್ ಸಲ ಅದನ್ನೇ ಹೇಳ್ತಿ’. ‘ಕಟ್ ಇಟ್ ಔಟ್’, ‘ನಾಕ್ ಇಟ್ ಆಫ್’ ಎರಡೂ ‘ಬಿಡೋ, ಸಾಕು’ ಅಂದಂತೆ. ಕತ್ತರಿಸುವುದು, ಬಡಿಯುವುದು ಎಂದು ಪದಕೋಶ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ‘ಸ್ಟಾಪ್ ಬಗ್ಗಿಂಗ್ ಮಿ’ ಅಂದರೆ ಕಾಡಬೇಡ. ‘ಬಗ್’ ಅಂದರೆ ಹುಳ. ‘ಗೆಟ್ ಲಾಸ್ಟ್’ ಅಂದರೆ ‘ತೊಲಗು’. ಅದನ್ನು ಗೆಳೆಯನಿಗೂ ನಗುತ್ತಲೇ ಹೇಳಬೇಕು.

ಮುಖ್ಯ ತೊಡಕು ಇಲ್ಲಿದೆ. ನಮ್ಮ ಮಗು ‘ಸಾಕ್ ಬಿಡು’ ಎಂಬುದಕ್ಕೆ ಒಂದು ‘ರಿ’ ಹಚ್ಚಿ ‘ಸಾಕ್ ಬಿಡ್ರಿ’ ಎಂದರೆ ಹಿರಿಯರಿಗೂ ನಡೆದೀತು. ಇಂಗ್ಲಿಷಿನಲ್ಲಿ ನೀನೂ ‘ಯು’, ನೀವೂ ‘ಯು’. ಮರ್ಯಾದೆ ಹಚ್ಚಲು ಅಲ್ಲಿ ಬಾಲವಿಲ್ಲ, ಮಾತನ್ನೇ ಬದಲಿಸಬೇಕು. ಮೇಲಿನ ಒಂದನ್ನೂ ಶಿಕ್ಷಕರಿಗೆ, ಹಿರಿಯರಿಗೆ ಆಡುವಂತಿಲ್ಲ. ಮುಂದೆ ‘ಪ್ಲೀಸ್’ ಇಟ್ಟರೂ ‘ಗೆಟ್ ಲಾಸ್ಟ್’ ಮೆತ್ತಗಾಗದು. ಗುರುತಿಲ್ಲದವರಿಗೆ ‘ಪ್ಲೀಸ್ ಡೋಂಟ್ ಡೂ ದಟ್’ ಸಾಕು. ಈ ವ್ಯತ್ಯಾಸವನ್ನು ‘ಬಿಡು’, ‘ಬಿಡ್ರಿ’ ಎಂದು ಎರಡು ಕಂಬಸಾಲು ಮಾಡಿ ಕರಿಹಲಗೆಯ ಮೇಲೆ ಬರೆದರೆ ಹತ್ತು ನಿಮಿಷದ ಕೆಲಸ. ಕನ್ನಡ ಬಾರದ ಶಿಕ್ಷಕರು ಇದನ್ನು ನಮ್ಮ ಮಕ್ಕಳಿಗೆ ಹೇಗೆ ತಿಳಿಸಿಯಾರು?

ಜಹೀರಾಬಾದ, ನಾರಾಯಣಖೇಡಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳಿದ್ದೂ ಅದೇ ವರ್ಷದ ತಿದ್ದುಪಡಿಯಿಂದ. 2022-23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ, ‘ಇನ್ನು ಕನ್ನಡ ಯಾಕೆ’ ಎಂದು ಕೇಳುವ ಪಾಲಕರು ಹೆಚ್ಚಿದ್ದಾರೆ. ಅವರಿಗೆ ಆ ಹುಡುಗಿಯ ಕಥೆ ಹೇಳಿರಿ.

ಇನ್ನೊಂದು ಮಾತು. ಚೇಷ್ಟೆ ಮಿತಿಮೀರಿ ಹಿಂಸೆಯಾದರೆ ಯಾವ ನುಡಿಗಟ್ಟೂ ಸಾಲದು. ಮಗು ತನಗೆ ಬರುವ ಭಾಷೆಯಲ್ಲೇ ಮನೆಯವರಿಗೋ ಶಿಕ್ಷಕರಿಗೋ ಹೇಳಲಿ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಿರಿ.

ನಿಮ್ಮ ಊರಿನಲ್ಲಿ ಕಾಡುವವರಿಗೆ ಏನನ್ನುತ್ತಾರೆ? ಮಕ್ಕಳಿಂದ ಬರೆಸಿ ಈ ಪತ್ರಿಕೆಗೆ ಕಳುಹಿಸಿರಿ. ಬೈಗುಳ ಬಂದರೂ ಬರಲಿ, ನಾವು ಸೋಸಿಕೊಳ್ಳುತ್ತೇವೆ.